ಗಿಟಾರಿನ ಬ್ರಿಡ್ಜ್ ಮತ್ತೆ ಮತ್ತೆ ಏಳುವುದೇಕೆ?

ಪ್ರಶ್ನೆ: ನನ್ನ ಅಕೌಸ್ಟಿಕ್ ಗಿಟಾರಿನ ಬ್ರಿಡ್ಜ್ (ತಂತಿಗಳ ಬುಡ ಹಿಡಿದಿಡುವ ಮರದ ತುಂಡು) ಹಿಂಬದಿಯಲ್ಲಿ ಎದ್ದಿತ್ತು. ಸಂದಿಗೆ ಬಡಗಿಗಳ ಬಿಳಿ ಅಂಟು ತುಂಬಿ, ರಾತ್ರಿಯಿಡೀ ಭಾರ ಹೇರಿಟ್ಟೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಕಾರಿನಲ್ಲಿ ಬಿಟ್ಟಿದ್ದೆ, ಮತ್ತೆ ಎದ್ದಿದೆ. ಈ ಸಲ ಅರಾಲ್ಡೈಟ್ ಹಾಕಲೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬೇಡ. ಶ್ರುತಿ ಮಾಡಿದ ಆರು ಉಕ್ಕಿನ ತಂತಿಗಳು ಆ ಪುಟ್ಟ ಮರವನ್ನು ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಹಗಲಿರುಳು ಜಗ್ಗುತ್ತವೆ. ಬಿಳಿ ಅಂಟು ಒಣಗಿದರೂ ಒಳಗೊಳಗೇ ಮೆತ್ತಗಿರುತ್ತದೆ. ಬಿಡದ ಎಳೆತಕ್ಕೆ ಕೂದಲೆಳೆಯಷ್ಟೇ ಜಾರುತ್ತಾ ಹೋಗುತ್ತದೆ, ಬಿಸಿ ತಗುಲಿದರೆ ಬೇಗ. ಅದಕ್ಕಿಂತ ದೊಡ್ಡ ತಪ್ಪು, ಹಳೆಯ ಅಂಟಿನ ಮೇಲೆಯೇ ಹೊಸದನ್ನು ಸುರಿದದ್ದು. ಅಂಟಿಗೆ ಬೇಕಾದದ್ದು ಬರಿಯ ಮರ. ಅರಾಲ್ಡೈಟ್ ಕೂಡ ಆ ಹಳೆಯ ಪದರದ ಮೇಲೆಯೇ ಕೂರುತ್ತದೆ. ಮುಂದೆ ಬಿಚ್ಚಬೇಕಾದಾಗ ಮುಂಭಾಗದ ಹಲಗೆಯ ನಾರನ್ನೂ ಕಿತ್ತುಕೊಂಡು ಬರಬಹುದು.

ಹಳದಿ ಮರದಂಟು ತೆಗೆದುಕೊಳ್ಳಿ. ಟೈಟ್‌ಬಾಂಡ್ ಒರಿಜಿನಲ್ ಸಾಕು, ನೀರು ತಡೆಯುವ ಬಗೆಗಳು ಇಲ್ಲಿ ಬೇಡ. ಬಡಗಿಗಳ ಮರವಜ್ರ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಇನ್ನೂ ಗಟ್ಟಿಯಾಗಿ ಒಣಗುತ್ತದೆ, ಆದರೆ ಅದನ್ನು 60 ಡಿಗ್ರಿ ಸುಮಾರಿಗೆ ಕಾಯಿಸಿಕೊಂಡು, ಆರುವ ಮೊದಲೇ ಒತ್ತಿ ಮುಗಿಸಬೇಕು. ಮೊದಲ ಪ್ರಯತ್ನಕ್ಕೆ ಅದು ಸೂಕ್ತವಲ್ಲ.

ತಂತಿ ತೆಗೆಯಿರಿ. ಬ್ರಿಡ್ಜ್ ಮೇಲಿನ ಬಿಳಿ ಚುಕ್ಕೆಗಳ ಕೆಳಗೆ ಬೋಲ್ಟ್ ಇದ್ದರೆ ಅದನ್ನೂ. ಸುತ್ತ ರಟ್ಟು ಮುಚ್ಚಿ, ಬ್ರಿಡ್ಜ್ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಕಾಯಿಸಿ, ತೆಳ್ಳನೆಯ ಮೊಂಡು ಚಾಕುವನ್ನು ಬಿಸಿನೀರಿಗೆ ಅದ್ದಿ ಹಿಂಬದಿಯಿಂದ ತೂರಿಸಿ. ನಾರು ಏಳುವಂತೆ ಕಂಡರೆ ಎದುರು ದಿಕ್ಕಿನಿಂದ ಬನ್ನಿ. ಒತ್ತಾಯ ಮಾಡಬೇಡಿ, ಇಡೀ ಕೆಲಸದಲ್ಲಿ ಗಿಟಾರ್ ಕೆಡುವುದು ಇಲ್ಲಿಯೇ.

ಬಿಚ್ಚಿದ ಮೇಲೆ ಎರಡೂ ಕಡೆ ಹಳೆಯ ಅಂಟನ್ನು ಕೆರೆದು ತೆಗೆಯಿರಿ. ಅಗ್ಗದ ಗಿಟಾರುಗಳಲ್ಲಿ ಬ್ರಿಡ್ಜ್ ಅಂಚಿನೊಳಗೆ ಕೆಲವು ಮಿಲಿಮೀಟರ್ ಪಾಲಿಶ್ ಉಳಿದಿರುತ್ತದೆ. ಅಷ್ಟು ಜಾಗದಲ್ಲಿ ಅಂಟು ಹಿಡಿದೇ ಇರುವುದಿಲ್ಲ, ಅದನ್ನೂ ಕೆರೆಯಿರಿ. ಬ್ರಿಡ್ಜ್ ಬೀಟೆಮರದ್ದಾದರೆ ತಳವನ್ನು ಅಸಿಟೋನಿನಿಂದ ಒರೆಸಿ, ಒಣಗಿದೊಡನೆ ಅಂಟು ಹಚ್ಚಿ. ಬೀಟೆಯ ಎಣ್ಣೆ ಅಂಟಿಗೆ ಶತ್ರು. ಮೈಸೂರಿನ ಬೀಟೆ ಕೆತ್ತನೆಗಾರರಿಗೆ ಇದು ಚೆನ್ನಾಗಿ ಗೊತ್ತು.

ಒದ್ದೆ ಅಂಟಿನ ಮೇಲೆ ಬ್ರಿಡ್ಜ್ ಜಾರುತ್ತದೆ. ಎರಡು ತುದಿಯ ತಂತಿ ರಂಧ್ರಗಳಿಗೆ ಪಿನ್ ಇಟ್ಟು ಜಾಗ ಹಿಡಿಯಿರಿ. ಮೂರು ಉದ್ದ ಬಾಯಿಯ ಸಿ-ಕ್ಲಾಂಪುಗಳನ್ನು ಗಿಟಾರಿನ ನಡುವಿನ ದುಂಡು ರಂಧ್ರದ (ಸೌಂಡ್ ಹೋಲ್) ಮೂಲಕ ಹಾಕಿ. ಒಳಗೆ ಮೇಣದ ಕಾಗದ ಸುತ್ತಿದ ಮರದ ತುಂಡು ಇರಲಿ. ಅಂಚಿನುದ್ದಕ್ಕೂ ಅಂಟು ಸಣ್ಣ ಮಣಿಗಳಂತೆ ಹೊರಬಂದರೆ ಒತ್ತಡ ಸರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, 24 ಗಂಟೆ ಮುಟ್ಟಬೇಡಿ. ಆಮೇಲೂ ಬಿಸಿಲಿನ ಕಾರಿನಲ್ಲಿ ಬಿಡಬೇಡಿ, ಹಳದಿ ಅಂಟೂ ಶಾಖಕ್ಕೆ ಸೋಲುತ್ತದೆ.

ಪ್ರಶ್ನೆ: ಗಿಟಾರ್ ಬಿದ್ದು ಕತ್ತಿನ ತುದಿ ಓರೆಯಾಗಿ ಸೀಳಿದೆ. ಫೆವಿಕ್ವಿಕ್ ನಡೆಯುತ್ತದೆಯೇ?
– ಓದುಗರು, ಮಂಡ್ಯ

ಉತ್ತರ: ಇಲ್ಲ. ಸೀಳನ್ನು ಜೋಡಿಸಿ ಕೂರಿಸುವ ಮೊದಲೇ ಅದು ಹಿಡಿದುಬಿಡುತ್ತದೆ, ಪೆಟ್ಟು ಬಿದ್ದರೆ ಬಿರಿಯುತ್ತದೆ. ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕೂರಿಸಲು, ಎದ್ದ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತುದಿಗೆ ಒಂದು ಹನಿ, ಅಷ್ಟಕ್ಕೆ ಅದು. ನಿಮ್ಮದು ಹೊಸ ಸೀಳು, ಮರ ಇನ್ನೂ ಶುದ್ಧ. ಪದೇ ಪದೇ ಬಾಗಿಸಿ ನೋಡಬೇಡಿ, ನಾರು ಮುರಿದು ಜೋಡಣೆ ಕೂರದು. ತಂತಿ ಪೂರ್ತಿ ಸಡಿಲಿಸಿ, ಹಳದಿ ಅಂಟನ್ನು ತೆಳ್ಳನೆ ಪ್ಲಾಸ್ಟಿಕ್ ಪಟ್ಟಿಯಿಂದ ತಳದವರೆಗೆ ತಳ್ಳಿ, ಕ್ಲಾಂಪ್ ಹಾಕಿ. ಸೀಳು ನಾರಿಗೆ ಅಡ್ಡವಾಗಿ ಗಿಡ್ಡಗಿದ್ದರೆ ಅಂಟೊಂದೇ ಸಾಲದು, ಒಳಗೆ ಮರದ ಪಟ್ಟಿ ಕೂರಿಸಬೇಕು. ಅದನ್ನು ವಾದ್ಯ ರಿಪೇರಿ ಬಲ್ಲವರಿಗೇ ಕೊಡಿ.