ಆರ್ಡರ್ ಒಬ್ಬರದು, ವಸ್ತು ಇನ್ನೊಬ್ಬರದು

ಪ್ರಶ್ನೆ: ನಮ್ಮ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಆರ್ಡರ್‌ಗಳಿಗೊಂದು ಟೇಬಲ್, ಆರ್ಡರ್‌ನಲ್ಲಿರುವ ವಸ್ತುಗಳಿಗೆ ಇನ್ನೊಂದು ಟೇಬಲ್ ಇದೆ. ಆರ್ಡರ್ ಸೇರಿಸಿದ ಮೇಲೆ ಆ ಟೇಬಲ್‌ನ ಅತಿ ದೊಡ್ಡ ಐಡಿಯನ್ನು ಓದಿ, ಅದನ್ನೇ ವಸ್ತುಗಳ ಟೇಬಲ್‌ಗೆ ಬರೆಯುತ್ತೇವೆ. ಕೆಲವೊಮ್ಮೆ ಒಬ್ಬರ ವಸ್ತುಗಳು ಇನ್ನೊಬ್ಬರ ಆರ್ಡರ್‌ಗೆ ಸೇರಿಬಿಡುತ್ತವೆ. ಐಡಿಗಳ ನಡುವೆ ಕೆಲವು ಸಂಖ್ಯೆಗಳೂ ಬಿಟ್ಟುಹೋಗಿವೆ. ಏನು ಮಾಡಬೇಕು?

ಉತ್ತರ: ದೋಷವಿರುವುದು ಅತಿ ದೊಡ್ಡ ಐಡಿಯನ್ನು ಓದುವ ಆ ಹೆಜ್ಜೆಯಲ್ಲಿಯೇ. ನೀವು ಆರ್ಡರ್ ಸೇರಿಸಿದ ಕ್ಷಣಕ್ಕೂ ಐಡಿ ಓದುವ ಕ್ಷಣಕ್ಕೂ ನಡುವೆ ಮತ್ತೊಬ್ಬ ಬಳಕೆದಾರರ ಆರ್ಡರ್ ಸೇರಿದರೆ, ನಿಮ್ಮ ಕೈಗೆ ಬರುವುದು ಅವರ ಸಂಖ್ಯೆ. ಆ ಸಂಖ್ಯೆಯ ಆರ್ಡರ್ ನಿಜವಾಗಿಯೂ ಇರುವುದರಿಂದ ಫಾರಿನ್ ಕೀ ನಿರ್ಬಂಧವೂ (ವಸ್ತುವಿನ ಜೊತೆ ಬರೆದ ಆರ್ಡರ್ ಐಡಿ ಆರ್ಡರ್ ಟೇಬಲ್‌ನಲ್ಲಿ ಇರಲೇಬೇಕೆಂಬ ನಿಯಮ) ಇದನ್ನು ತಡೆಯುವುದಿಲ್ಲ. ಯಾವ ಎರರ್ ಕೂಡ ಬಾರದೆ ತಪ್ಪು ದತ್ತಾಂಶ ಉಳಿದುಬಿಡುತ್ತದೆ ಎಂಬುದೇ ಇದರಲ್ಲಿರುವ ದೊಡ್ಡ ಅಪಾಯ.

ಮೈಎಸ್‌ಕ್ಯೂಎಲ್‌ನ ‘ಲಾಸ್ಟ್ ಇನ್ಸರ್ಟ್ ಐಡಿ’ ಫಂಕ್ಷನ್ ಆಯಾ ಕನೆಕ್ಷನ್‌ನಲ್ಲಿ (ಡೇಟಾಬೇಸ್ ಜೊತೆಗಿನ ಸಂಪರ್ಕದಲ್ಲಿ) ಸೃಷ್ಟಿಯಾದ ಐಡಿಯನ್ನು ಮಾತ್ರ ಕೊಡುವುದರಿಂದ, ಬೇರೆಯವರು ಎಷ್ಟೇ ಆರ್ಡರ್ ಸೇರಿಸಿದರೂ ನಿಮ್ಮ ಉತ್ತರ ಬದಲಾಗುವುದಿಲ್ಲ. ಆದರೆ ಇನ್ಸರ್ಟ್ (ಸಾಲು ಸೇರಿಸುವ ಆದೇಶ) ಮಾಡಿದ ಕನೆಕ್ಷನ್‌ನಲ್ಲಿಯೇ ಅದನ್ನು ಕೇಳಬೇಕು; ಕನೆಕ್ಷನ್ ಪೂಲ್ (ತೆರೆದಿಟ್ಟ ಹಲವು ಕನೆಕ್ಷನ್‌ಗಳನ್ನು ಹಂಚಿಕೊಳ್ಳುವ ವ್ಯವಸ್ಥೆ) ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಂದೇ ಇನ್ಸರ್ಟ್‌ನಲ್ಲಿ ಹಲವು ಸಾಲುಗಳನ್ನು ಸೇರಿಸಿದಾಗ ಅದು ಕೊಡುವುದು ಮೊದಲ ಸಾಲಿನ ಐಡಿಯನ್ನು, ಕೊನೆಯದನ್ನಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಾದರೆ ಇನ್ಸರ್ಟ್‌ಗೇ ‘ರಿಟರ್ನಿಂಗ್’ ಸೇರಿಸಿ ಐಡಿಯನ್ನು ನೇರವಾಗಿ ಪಡೆಯಬಹುದು. ನನಗೆ ಹೆಚ್ಚು ಅಚ್ಚುಕಟ್ಟೆನಿಸುವ ವಿಧಾನ ಅದು.

ಎರಡೂ ಟೇಬಲ್‌ಗಳ ಬರವಣಿಗೆ ಒಂದೇ ಟ್ರಾನ್ಸಾಕ್ಷನ್‌ನೊಳಗೆ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಕೆಲಸಗಳ ಗುಂಪಿನೊಳಗೆ) ನಡೆಯಲಿ. ವಸ್ತುಗಳನ್ನು ಸೇರಿಸುವಾಗ ಏನಾದರೂ ಕೆಟ್ಟರೆ ಆರ್ಡರ್ ಕೂಡ ರೋಲ್‌ಬ್ಯಾಕ್ ಆಗಬೇಕು (ಅಂದರೆ ರದ್ದಾಗಬೇಕು), ಇಲ್ಲದಿದ್ದರೆ ವಸ್ತುಗಳೇ ಇಲ್ಲದ ಆರ್ಡರ್‌ಗಳು ಉಳಿಯುತ್ತವೆ. ಹೀಗೆ ರೋಲ್‌ಬ್ಯಾಕ್ ಆದಾಗ ಬಳಕೆಯಾದ ಸಂಖ್ಯೆ ಹಿಂದಿರುಗುವುದಿಲ್ಲ. ನೀವು ಕಂಡ ಖಾಲಿ ಸಂಖ್ಯೆಗಳಿಗೆ ಇದು ಒಂದು ಸಾಮಾನ್ಯ ಕಾರಣ. ಅವುಗಳನ್ನು ತುಂಬಲು ದಯವಿಟ್ಟು ಹೋಗಬೇಡಿ. ಬಿಲ್‌ಗೆ ನಡುವೆ ಎಲ್ಲೂ ಬಿಟ್ಟುಹೋಗದ ಕ್ರಮಸಂಖ್ಯೆ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಕಾಲಂ ಇಟ್ಟುಕೊಳ್ಳಿ.

ಕೋಡ್ ತಿದ್ದಿದ ಮಾತ್ರಕ್ಕೆ ಹಳೆಯ ತಪ್ಪುಗಳು ಸರಿಹೋಗುವುದಿಲ್ಲ. ಆರ್ಡರ್‌ನಲ್ಲಿ ಒಟ್ಟು ಮೊತ್ತವನ್ನು ಬೇರೆಯಾಗಿ ದಾಖಲಿಸಿದ್ದರೆ, ಅದನ್ನು ವಸ್ತುಗಳ ಮೊತ್ತದೊಂದಿಗೆ ಹೋಲಿಸಿ, ತಾಳೆಯಾಗದ ಆರ್ಡರ್‌ಗಳನ್ನು ಮೊದಲು ಪರಿಶೀಲಿಸಿ.