ಎಂಜಿನ್ ಬಡಿತ: ಬಿಚ್ಚುವ ಮೊದಲು ಕಿವಿಗೊಡಿ

ಪ್ರಶ್ನೆ: ನಮ್ಮ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಲಕ್ಷ ಕಿ.ಮೀ. ಹತ್ತಿರ ಓಡಿದೆ. ಚಿತ್ರದುರ್ಗದ ಜೋಗಿಮಟ್ಟಿಯಂಥ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ತಗಡಿನ ಡಬ್ಬದಲ್ಲಿ ಹರಳು ಅಲ್ಲಾಡಿಸಿದಂಥ ಸದ್ದು. ಮಧ್ಯಾಹ್ನದ ಬಿಸಿಲಲ್ಲಿ ಜಾಸ್ತಿ. ಬೇರಿಂಗ್ ಹೋಗಿದೆ, ಹಾಫ್ ಎಂಜಿನ್ (ಎಂಜಿನ್ ಬಿಚ್ಚಿ ಸವೆದ ಭಾಗ ಬದಲಿಸುವ ಕೆಲಸ) ಮಾಡಿಸಿ ಅಂತ ಗ್ಯಾರೇಜಿನಲ್ಲಿ ಹೇಳಿದ್ದಾರೆ. ಮಾಡಿಸಲೇಬೇಕೆ?
— ದಾವಣಗೆರೆಯ ಓದುಗರು

ಉತ್ತರ: ಸದ್ಯಕ್ಕೆ ಬೇಡವೇ ಬೇಡ. ನೀವು ಹೇಳುತ್ತಿರುವುದು ಬಹುಪಾಲು ಪಿಂಗಿಂಗ್. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಸಿಲಿಂಡರಿನ ಅಂಚು ಮುಟ್ಟುವ ಮೊದಲೇ ಅಲ್ಲಿ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ಒತ್ತಡಕ್ಕೂ ಶಾಖಕ್ಕೂ ತಾನಾಗಿ ಸಿಡಿಯುತ್ತದೆ. ಸದ್ದು ಅದರದು. ಅದೇ ಏರಿನಲ್ಲಿ ಒಂದು ಗೇರ್ ಇಳಿಸಿ ನೋಡಿ. ಆರ್‌ಪಿಎಂ ಏರಿ ಸದ್ದು ನಿಂತರೆ ಅನುಮಾನ ಗಟ್ಟಿಯಾಯಿತು. ಟ್ಯಾಂಕ್ ಬರಿದಾಗುತ್ತಾ ಬಂದಾಗ ಒಮ್ಮೆ ಹೆಚ್ಚು ಆಕ್ಟೇನಿನ (ತಾನಾಗಿ ಸಿಡಿಯುವುದನ್ನು ತಡೆಯುವ ಗುಣ ಹೆಚ್ಚಿರುವ) ಪ್ರೀಮಿಯಂ ಪೆಟ್ರೋಲ್ ಹಾಕಿಸಿ. ಬಡಿತ ತಗ್ಗಿದರೆ ಬೇರಿಂಗಿನ ಮಾತು ಬಿಡಿ. ಆದರೆ ಇದು ಪರೀಕ್ಷೆ ಅಷ್ಟೇ, ಮದ್ದಲ್ಲ.

ಮೊದಲು ರೇಡಿಯೇಟರ್ ನೋಡಿ. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಜನ ಕೂಲಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರನ್ನೇ ಸುರಿಯುತ್ತಾರೆ. ಗಡಸು ನೀರಿನ ಸುಣ್ಣ ರೇಡಿಯೇಟರ್ ಕೊಳವೆಗಳಲ್ಲೂ ಸಿಲಿಂಡರ್ ಸುತ್ತಲ ನೀರಿನ ದಾರಿಯಲ್ಲೂ ಗಟ್ಟಿ ಪದರವಾಗಿ ಕೂರುತ್ತದೆ. ಮೀಟರಿನ ಮುಳ್ಳು ಸರಿಯಾಗೇ ಇದ್ದರೂ ಒಳಗೆ ಹೆಡ್ (ಸಿಲಿಂಡರಿನ ಮೇಲ್ಭಾಗ) ಒಂದೊಂದು ಕಡೆ ವಿಪರೀತ ಕಾಯುತ್ತದೆ. ಪಿಂಗಿಂಗ್ ಶುರುವಾಗುವುದು ಅಲ್ಲಿಂದಲೇ. ಎಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ತುಕ್ಕು ಬಣ್ಣದ ನೀರು, ಬಿಳಿ ಪೊರೆ ಕಂಡರೆ ಫ್ಲಶ್ ಮಾಡಿಸಿ, ಕಂಪನಿ ಹೇಳಿದ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಬೆರೆಸಿಯೇ ಮಾರುವ ಕೂಲಂಟಾದರೆ ಮತ್ತೆ ನೀರು ಸೇರಿಸಬೇಡಿ.

ಆಮೇಲೆ ಪ್ಲಗ್‌ಗಳನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ತುದಿಯ ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ಸುಣ್ಣದ ಬಿಳುಪಿಗೆ ತಿರುಗಿ, ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಅಥವಾ ಹೊಳೆಯುವ ಚುಕ್ಕೆಗಳಿದ್ದರೆ ಆ ಸಿಲಿಂಡರಿನಲ್ಲಿ ಪಿಂಗಿಂಗ್ ಜೋರಾಗಿಯೇ ಇದೆ. ಹೊಳೆಯುವ ಚುಕ್ಕೆ ಪಿಸ್ಟನ್ನಿನ ಅಲ್ಯೂಮಿನಿಯಂ. ಅದು ಕಂಡರೆ ಗಾಡಿಯನ್ನು ಹಾಗೇ ಓಡಿಸಬೇಡಿ. ಹೊಸ ಪ್ಲಗ್‌ನ ಹೀಟ್ ರೇಂಜ್ (ಶಾಖ ಬಿಟ್ಟುಕೊಡುವ ಪ್ರಮಾಣ) ಮ್ಯಾನುಯಲ್‌ನಲ್ಲಿ ಇದ್ದಂತೆಯೇ ಇರಲಿ. ಕಿಡಿ ಹಾರುವ ಗ್ಯಾಪ್ ಸಾಮಾನ್ಯವಾಗಿ 0.8ರಿಂದ 1.1 ಮಿ.ಮೀ.

ಇಷ್ಟಕ್ಕೂ ನಿಲ್ಲದಿದ್ದರೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0325 ಕೋಡ್ ಬಂದರೆ ಬಡಿತ ಗುರುತಿಸುವ ನಾಕ್ ಸೆನ್ಸರ್ ಸರ್ಕ್ಯೂಟ್ ದೋಷ. ಬ್ಲಾಕಿನ ಮೇಲೆ ಸೆನ್ಸರ್ ಕೂರುವ ಜಾಗ ಸ್ವಚ್ಛವಾಗಿರಬೇಕು, ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಹಲವು ಎಂಜಿನ್‌ಗಳಲ್ಲಿ ಇದು 20 ನ್ಯೂಟನ್ ಮೀಟರ್ ಆಸುಪಾಸು. ಸಡಿಲವಾದರೂ ಅತಿ ಬಿಗಿಯಾದರೂ ಸೆನ್ಸರ್‌ಗೆ ಬಡಿತ ಸರಿಯಾಗಿ ಕೇಳಿಸದು. ಊರೊಳಗಿನ ಸಣ್ಣ ಓಡಾಟವೇ ಹೆಚ್ಚಿದ್ದರೆ ಕಾರ್ಬನ್ ಕಟ್ಟಿರಲೂಬಹುದು, ಡೀಕಾರ್ಬನ್ ಮಾಡಿಸಿ.

ಪ್ರಶ್ನೆ: ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಟಕಟಕ, ಆಮೇಲೆ ಇರುವುದಿಲ್ಲ. ಅಪಾಯವೆ?
— ಹೊಳಲ್ಕೆರೆಯ ಓದುಗರು

ಉತ್ತರ: ಎಷ್ಟು ಹೊತ್ತು ಎಂಬುದೇ ಮುಖ್ಯ. ಎರಡು ಮೂರು ಸೆಕೆಂಡಾದರೆ, ರಾತ್ರಿ ಆಯಿಲ್ ಕೆಳಗಿಳಿದು ಚೈನ್ ಟೆನ್ಷನರ್ (ಟೈಮಿಂಗ್ ಚೈನ್ ಬಿಗಿ ಹಿಡಿಯುವ ಭಾಗ) ಅಥವಾ ಹೈಡ್ರಾಲಿಕ್ ಟ್ಯಾಪೆಟ್ (ವಾಲ್ವ್‌ಗಳನ್ನು ಒತ್ತುವ ಭಾಗ) ಖಾಲಿಯಾಗುತ್ತಿದೆ. ಒಳಗಿನ ರಬ್ಬರ್ ವಾಲ್ವ್ ಸರಿಯಿಲ್ಲದ ಅಗ್ಗದ ಆಯಿಲ್ ಫಿಲ್ಟರೂ ಇದಕ್ಕೆ ಕಾರಣ, ಮೊದಲು ಅದನ್ನು ಬದಲಿಸಿ. ಕೆಲವು ನಿಮಿಷ ಇದ್ದು ಎಂಜಿನ್ ಬಿಸಿಯಾದಂತೆ ಕರಗಿದರೆ ಪಿಸ್ಟನ್ ಸ್ಲ್ಯಾಪ್, ಅಂದರೆ ಸಡಿಲ ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವ ಸದ್ದು. ಆಯಿಲ್ ತಿನ್ನುತ್ತಿಲ್ಲ, ಹೊಗೆ ಇಲ್ಲ ಎಂದಾದರೆ ಬಹಳ ಕಾಲ ಓಡಿಸಬಹುದು.

ಪ್ರಶ್ನೆ: ಎಂಜಿನ್ ಬಿಸಿಯಾದ ಮೇಲೆ ಕೆಳಗಿನಿಂದ ಧಬ್ ಧಬ್ ಎನ್ನುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ದೀಪ ಮಿನುಗುತ್ತದೆ. ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ.
— ಚಳ್ಳಕೆರೆಯ ಓದುಗರು

ಉತ್ತರ: ಇದು ಬೇರಿಂಗ್ ಸವೆದ ಲಕ್ಷಣ, ಇವತ್ತಿನಿಂದಲೇ ಗಾಡಿ ನಿಲ್ಲಿಸಿ. ಗ್ಯಾರೇಜಿಗೂ ಟೋ ಮಾಡಿಸಿಕೊಂಡೇ ಹೋಗಿ. ದಪ್ಪ ಆಯಿಲ್ ಸದ್ದನ್ನು ಕೆಲ ದಿನ ಮುಚ್ಚಿಡುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ಹೆದ್ದಾರಿಯಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತು ಮಾಡಿದರೆ ಎಂಜಿನ್ನೇ ಹೋದಂತೆ.

ಮೊದಲು ಡಿಪ್‌ಸ್ಟಿಕ್ ನೋಡಿ. ಮಟ್ಟ ಸರಿಯಿದ್ದರೆ ಆಯಿಲ್ ಪ್ರೆಶರ್ ಸ್ವಿಚ್ ತೆಗೆದು ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿಸಿ. ಮ್ಯಾನುಯಲ್ ಸಿಗದಿದ್ದರೆ, ಬಿಸಿ ಎಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಹಳೆಯ ಅಂದಾಜು. ಎಂಜಿನ್ ಚಾಲೂ ಇಟ್ಟು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಾಕಿ. ಯಾವುದು ತೆಗೆದಾಗ ಬಡಿತ ಮೆತ್ತಗಾಗುತ್ತದೋ ಆ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ರಾಡಿನ ಕೆಳತುದಿಯದು) ಹೋಗಿದೆ. ಈ ಪರೀಕ್ಷೆ ಅರ್ಧ ನಿಮಿಷಕ್ಕೆ ಮುಗಿಯಲಿ. ಆಯಿಲ್ ಫಿಲ್ಟರ್ ಕೊಯ್ದು ಕಾಗದದ ಮಡಿಕೆ ಬಿಡಿಸಿದರೆ ಬೇರಿಂಗಿನ ಮಿಂಚು ಚೂರು ಸಿಗುತ್ತವೆ.

ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿದ ಮೇಲೆ ರಾಡನ್ನು ಹಿಡಿದು ಅಲುಗಿಸಿ. ಅಡ್ಡಕ್ಕೆ ತುಸು ಸರಿದರೆ ಸಹಜ. ಮೇಲೆ ಕೆಳಗೆ ಕೈಗೆ ಗೊತ್ತಾಗುವಷ್ಟು ಆಟ ಇರಲೇಬಾರದು. ಅನೇಕರು ಬೇರಿಂಗ್ ಶೆಲ್ ಮಾತ್ರ ಬದಲಿಸಿ ಕೈತೊಳೆದುಕೊಳ್ಳುತ್ತಾರೆ, ಬಡಿತ ಮತ್ತೆ ಬರುತ್ತದೆ. ರಾಡ್ ಕೂರುವ ಕ್ರ್ಯಾಂಕ್ ಪಿನ್ನನ್ನು ಎರಡು ದಿಕ್ಕಿನಲ್ಲಿ ಮೈಕ್ರೋಮೀಟರಿನಿಂದ ಅಳೆಯಲೇಬೇಕು. ಗೀರು ಬಿದ್ದಿದ್ದರೆ, ದುಂಡು ತಪ್ಪಿದ್ದರೆ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ (ಸಣ್ಣದಾದ ಪಿನ್ನಿಗೆ ಹೊಂದುವ) ಶೆಲ್ ಹಾಕಿಸಿ. ಪ್ಲಾಸ್ಟಿಗೇಜ್ (ಅಂತರ ಅಳೆಯುವ ಮೆದು ಪ್ಲಾಸ್ಟಿಕ್) ಎಳೆ ಇಟ್ಟು, ಶೆಲ್ಲಿಗೂ ಪಿನ್ನಿಗೂ ನಡುವಿನ ಆಯಿಲ್ ಅಂತರ ನೋಡಿಸಿ. ಹೆಚ್ಚಿನ ಕಾರುಗಳಲ್ಲಿ 0.02ರಿಂದ 0.05 ಮಿ.ಮೀ. ರಾಡ್ ಬೋಲ್ಟ್ ಹೊಸತೇ ಇರಲಿ. ಸಂಪಿನಲ್ಲಿ ಕೆಸರಿನಂಥ ಜಿಡ್ಡು ಇದ್ದರೆ ಆಯಿಲ್ ಸೋಸುವ ಸ್ಟ್ರೈನರ್ ಕಟ್ಟಿಯೇ ಬೇರಿಂಗ್ ಒಣಗಿರುತ್ತದೆ. ಅದನ್ನೂ ಆಯಿಲ್ ದಾರಿಗಳನ್ನೂ ತೊಳೆಯದೆ ಜೋಡಿಸಲು ಬಿಡಬೇಡಿ. ಜೋಡಿಸಿದ ಬಳಿಕ ಇಂಜೆಕ್ಟರ್‌ಗಳ ಕನೆಕ್ಟರ್ ತೆಗೆದಿಟ್ಟು, ಆಯಿಲ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪ ಹೊತ್ತು ಕ್ರ್ಯಾಂಕ್ ಮಾಡಿಸಿ, ನಂತರವೇ ಸ್ಟಾರ್ಟ್ ಮಾಡಿ.