ಸಾಕುಪ್ರಾಣಿ ಪ್ರಶ್ನೋತ್ತರ: ಓಡುವ ನಾಯಿ, ಕಟ್ಟಿದ ಹಗ್ಗ

ಪ್ರಶ್ನೆ: ಡಾಕ್ಟರ್ ಬಾಯಿಯವರಿಗೆ ನಮಸ್ಕಾರ. ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ನಮ್ಮ ಯಜಮಾನರು ಮುಧೋಳದ ಕಡೆ ಹೋದಾಗ ಒಂದು ಗಂಡು ಮರಿ ತಂದರು. ಸರ್ಜಾ ಅಂತ ಹೆಸರಿಟ್ಟಿದ್ದೇವೆ. ಈಗ ಐದೂವರೆ ತಿಂಗಳು. ಮೂರು ಜೋಡಿ ಚಪ್ಪಲಿ, ಸೋಫಾದ ಮೂಲೆ, ಟಿವಿ ರಿಮೋಟು, ಮಗಳ ಗಣಿತದ ಪುಸ್ತಕ ಎಲ್ಲ ಕಡಿದು ಹಾಕಿದ್ದಾನೆ. ಸಂಜೆ ಆಯಿತೆಂದರೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಹುಚ್ಚು ಹಿಡಿದವನಂತೆ ಸುತ್ತು ಹೊಡೆಯುತ್ತಾನೆ. ಹೋದ ವಾರ ಅತ್ತೆಯವರ ಮೈಮೇಲೆ ಹಾರಿ ಅವರ ಕೈಬಳೆ ಒಡೆದು ರಕ್ತ ಬಂತು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ಗ್ಯಾಲರಿಯಲ್ಲಿ ಕಟ್ಟಿರುತ್ತೇವೆ. ಮಾಡಿದ್ದು ತಪ್ಪು ಅಂತ ಅವನಿಗೆ ಗೊತ್ತು. ನಾವು ಬಂದ ಕೂಡಲೇ ಬಾಲ ಒಳಗೆ ಹಾಕಿಕೊಂಡು ಮೂಲೆ ಸೇರುತ್ತಾನೆ. ಬೇಕಂತಲೇ ಮಾಡುತ್ತಾನೆ ಅನಿಸುತ್ತದೆ. ಊರ ಹೊಲದಲ್ಲಿ ಬಿಟ್ಟು ಬರೋಣ ಅಂತ ಯಜಮಾನರು ಅನ್ನುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಅತ್ತೆಯವರ ಕೈ. ಗಾಯ ಬಳೆಯ ಚೂರಿನದೇ ಎಂದು ಖಾತ್ರಿ ಇದ್ದರೆ ಸರಿ. ನಾಯಿಯ ಹಲ್ಲೋ ಉಗುರೋ ತಾಕಿರಬಹುದು ಎಂಬ ಸಂಶಯ ಎಳ್ಳಷ್ಟಿದ್ದರೂ ಈ ಪತ್ರಿಕೆ ಮಡಚಿಟ್ಟು ಇವತ್ತೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಳಗೆ ಇನ್ನೊಬ್ಬರಿಗೆ ಇದರ ಬಗ್ಗೆ ಬರೆದಿದ್ದೇನೆ, ಅದನ್ನೂ ಓದಿ.

ಇನ್ನು ಸರ್ಜಾನ ವಿಷಯ. ನಿಮ್ಮ ಪತ್ರದಲ್ಲಿ ನಾನು ಗೆರೆ ಎಳೆದುಕೊಂಡ ಸಾಲು ಒಂದೇ: ಒಂಬತ್ತರಿಂದ ಐದೂವರೆವರೆಗೆ ಕಟ್ಟಿರುತ್ತೇವೆ. ಎಂಟೂವರೆ ತಾಸು! ಮುಧೋಳದ ನಾಯಿಯ ಮೈಕಟ್ಟನ್ನು ಒಮ್ಮೆ ಪಕ್ಕದಿಂದ ನಿಂತು ನೋಡಿ. ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ, ಉದ್ದ ಕಾಲು. ಎದೆ ಅಷ್ಟು ಆಳ ಇರುವುದು ಓಡುವಾಗ ಉಸಿರು ಸಾಲಬೇಕೆಂದು. ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆ ಹಿಡಿಯುವ ತಳಿ ಇದು. ದೂರದ ಬಯಲಲ್ಲಿ ಮೊಲವೊಂದು ಅಲುಗಿದರೂ ಇದಕ್ಕೆ ಕಾಣಬೇಕು, ಕಂಡ ಕ್ಷಣ ಕಾಲು ಕಿತ್ತು ಓಡಬೇಕು. ಮುಧೋಳ ಆಳಿದ ಘೋರ್ಪಡೆ ಮನೆತನದ ಮಾಲೋಜಿರಾವ್ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆ ಚೀಟಿಯಲ್ಲಿ ಇದರ ಚಿತ್ರ ಬಂದದ್ದು ಈ ಓಟದ ಮೈಯಿಂದಲೇ ಬಂದ ಹೆಸರು. ಅಂಥ ಮರಿಯನ್ನು ಇಡೀ ದಿನ ಒಂದೂವರೆ ಮಾರು ಹಗ್ಗದಲ್ಲಿ ಕಟ್ಟಿದರೆ ಸಂಜೆ ಹಗ್ಗ ಬಿಚ್ಚಿದಾಗ ಅವನು ಹಾಲಿನಲ್ಲಿ ಸುತ್ತು ಹೊಡೆಯದೆ ಏನು ಮಾಡಬೇಕು? ಅದು ಹುಚ್ಚಲ್ಲ ತಾಯಿ, ದಿನವಿಡೀ ಕೂಡಿಟ್ಟ ಓಟ.

ಕಡಿಯುವುದಕ್ಕೆ ಬೇರೆ ಕಾರಣವೂ ಇದೆ. ನಾಯಿಗೆ ಹಾಲುಹಲ್ಲು 28, ಕಾಯಂ ಹಲ್ಲು 42. ನಾಲ್ಕರಿಂದ ಏಳು ತಿಂಗಳೊಳಗೆ ಹಾಲುಹಲ್ಲೆಲ್ಲ ಉದುರಿ ಹೊಸವು ಏಳುತ್ತವೆ. ಸರ್ಜಾ ಈಗ ಸರಿಯಾಗಿ ಅದರ ನಡುವೆ ಇದ್ದಾನೆ, ವಸಡು ಉರಿಯುತ್ತಿರುತ್ತದೆ. ಹಳೆ ಪಂಜೆಯ ತುಂಡಿಗೆ ಎರಡು ಗಂಟು ಹಾಕಿ, ನೀರಲ್ಲಿ ಅದ್ದಿ ಹಿಂಡಿ, ಫ್ರೀಜರಿನಲ್ಲಿ ಎರಡು ತಾಸು ಇಟ್ಟು ಕೊಡಿ. ಅದನ್ನು ಎರಡು ಮುಂಗಾಲುಗಳ ನಡುವೆ ಹಿಡಿದುಕೊಂಡು, ಕಣ್ಣು ಅರೆ ಮುಚ್ಚಿ, ಹಿಂಬದಿಯ ಹಲ್ಲಿನಿಂದ ಕಟಕಟ ಅಗಿಯುವುದನ್ನು ನೋಡುತ್ತ ಕೂತರೆ ಎಷ್ಟು ಹಿತ ಆಗುತ್ತಿದೆ ಎಂದು ನಿಮಗೇ ತಿಳಿಯುತ್ತದೆ. ಬಟ್ಟೆ ಎಳೆಎಳೆಯಾಗಿ ಕಿತ್ತು ಬರತೊಡಗಿದರೆ ತೆಗೆದುಬಿಡಿ, ನುಂಗಬಾರದು. ದಪ್ಪ ಗಜ್ಜರಿಯೂ ಆದೀತು. ಬೇಯಿಸಿದ ಕೋಳಿ ಎಲುಬು ಮಾತ್ರ ಬೇಡವೇ ಬೇಡ. ಸೀಳಿ ಸೂಜಿಯಂತಾಗಿ ಕರುಳಿಗೆ ಚುಚ್ಚುತ್ತದೆ. ಚಪ್ಪಲಿಗಳನ್ನು ಕಪಾಟಿನೊಳಗೆ ಇಡಿ. ನಿಮ್ಮ ಕಾಲಿನ ವಾಸನೆ ಇರುವ ವಸ್ತು ಅವನಿಗೆ ಮನೆಯಲ್ಲೇ ಅತ್ಯಂತ ಪ್ರೀತಿಯ ವಸ್ತು, ಅದನ್ನು ಕಣ್ಣೆದುರಿಗೆ ಬಿಟ್ಟು ಮುಟ್ಟಬೇಡ ಎನ್ನುವುದು ಮರಿಗೆ ಆಗದ ಮಾತು.

ಈಗ ಆ ತಪ್ಪಿತಸ್ಥ ಮುಖದ ಮಾತು. ದಯವಿಟ್ಟು ಇದನ್ನು ಮನೆಯವರಿಗೆಲ್ಲ ಓದಿ ಹೇಳಿ. 2009ರಲ್ಲಿ ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ಸಾಕುನಾಯಿಗಳನ್ನು ಪರೀಕ್ಷಿಸಿದರು. ಮಾಲೀಕರು ತಿನಿಸು ಮುಟ್ಟಬೇಡ ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಕೆಲವು ಸಲ ನಾಯಿ ತಿಂದಿರುತ್ತಿತ್ತು, ಕೆಲವು ಸಲ ಇಲ್ಲ. ಆದರೆ ನಾಯಿ ತಿಂದಿದೆಯೋ ಇಲ್ಲವೋ ಎಂದು ಒಳಗೆ ಬಂದ ಮಾಲೀಕರಿಗೆ ಸಂಶೋಧಕಿ ಹೇಳುತ್ತಿದ್ದುದು ಕೆಲವು ಸಲ ಸುಳ್ಳಾಗಿರುತ್ತಿತ್ತು. ನಾಯಿ ತಿಂದಿದೆಯೋ ಇಲ್ಲವೋ ಅದಕ್ಕೂ ಆ ಮುಖಕ್ಕೂ ಸಂಬಂಧವೇ ಕಾಣಲಿಲ್ಲ. ಬೈದಾಗ ಆ ಮುಖ ಬರುತ್ತಿತ್ತು. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಹೆಚ್ಚಾಗಿ ಬಂತು. ಸರ್ಜಾ ಮೂಲೆ ಸೇರುವುದು ನಿಮ್ಮ ಹುಬ್ಬು ಗಂಟಿಕ್ಕಿದ್ದು ನೋಡಿ, ಮಧ್ಯಾಹ್ನ ಹರಿದ ಪುಸ್ತಕ ನೆನೆದು ಅಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ನನ್ನ ಮನೆಯಲ್ಲಿ ಕಲಿತೆ. ಬಾಗಲಕೋಟೆ ಜಿಲ್ಲೆಯಲ್ಲಿ ಕೆಲಸದಲ್ಲಿದ್ದಾಗ ಚಿಗರಿ ಅಂತ ಒಂದು ಹೆಣ್ಣು ಮುಧೋಳ ಸಾಕಿದ್ದೆ. ಒಂದು ದಿನ ನಾನು ಮನೆಗೆ ಬರುವಷ್ಟರಲ್ಲಿ ನಮ್ಮವ್ವ ಹೊಲಿದ ಕೌದಿಯನ್ನು ನಡುವೆ ಸೀಳಿ ಹಾಕಿದ್ದಳು. ಸಿಟ್ಟಿನಲ್ಲಿ ಸುರುಳಿ ಸುತ್ತಿದ ಪೇಪರಿನಿಂದ ಎರಡು ಏಟು ಕೊಟ್ಟೆ. ಅವಳು ಕೂಗಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಮಂಚದ ಕೆಳಗೆ ಸರಿದಳು. ಅದಾದ ಮೇಲೆ ಬಹಳ ದಿನ, ಬೆಳಿಗ್ಗೆ ನಾನು ಪೇಪರ್ ಬಿಚ್ಚಿದ ಸಪ್ಪಳಕ್ಕೇ ಎದ್ದು ಮಂಚದ ಕೆಳಗೆ ಹೋಗುತ್ತಿದ್ದಳು. ಕೌದಿಗೂ ಏಟಿಗೂ ಅವಳಿಗೆ ಸಂಬಂಧ ಸಿಕ್ಕಿರಲೇ ಇಲ್ಲ. ಪೇಪರಿಗೂ ನನಗೂ ಸಿಕ್ಕಿತ್ತು. ಆ ಎರಡು ಏಟು ಇವತ್ತಿಗೂ ನನ್ನ ಮನಸ್ಸಿನಲ್ಲಿವೆ. ಈ ತಳಿಯ ನಾಯಿಗಳು ನೋಡಲು ಗಟ್ಟಿ, ಒಳಗೆ ಬಹಳ ಸೂಕ್ಷ್ಮ. ಹೊಡೆಯಬೇಡಿ.

ಹಾಗಾದರೆ ಮಾಡುವುದೇನು? ಬೆಳಿಗ್ಗೆ ನಿಮ್ಮಿಬ್ಬರಲ್ಲಿ ಒಬ್ಬರು ಒಂದು ತಾಸು ಬೇಗ ಏಳಬೇಕು, ಇದಕ್ಕೆ ಬೇರೆ ದಾರಿ ಇಲ್ಲ. ನಲವತ್ತು ನಿಮಿಷ ನಡೆಸಿ, ಅವನು ಮೂಸಿದಲ್ಲಿ ನಿಲ್ಲಲು ಬಿಡಿ. ವಾರಕ್ಕೆರಡು ಮೂರು ಸಲ ಸುತ್ತ ಕಾಂಪೌಂಡ್ ಇರುವ ಬಯಲಿನಲ್ಲಿ ಹತ್ತು ಮೀಟರ್ ಹಗ್ಗ ಹಾಕಿ ಓಡಲು ಬಿಡಿ. ದಣಿದಾಗ ತಾನೇ ನಿಲ್ಲಲಿ. ಸ್ಕೂಟರಿಗೆ ಕಟ್ಟಿ ಓಡಿಸುವವರನ್ನು ಕಂಡಿದ್ದೇನೆ, ಅದು ಬೇಡ. ಈ ವಯಸ್ಸಿನಲ್ಲಿ ಎಲುಬಿನ ತುದಿ ಇನ್ನೂ ಬೆಳೆಯುತ್ತಿರುತ್ತದೆ. ಮುಧೋಳ ನಾಯಿಯ ತಲೆ ಸಣ್ಣದು, ಕುತ್ತಿಗೆಯಷ್ಟೇ ಅಗಲ. ಮಾಮೂಲಿ ಪಟ್ಟಿಯಿಂದ ಹಿಂದಕ್ಕೆ ಸರಿದು ನುಸುಳಿಬಿಡುತ್ತದೆ. ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸಿ, ನಿಮಗೆ ತಡೆಯದಿದ್ದರೆ ಅವನ ಪಾದಕ್ಕೂ ತಡೆಯದು.

ಹಗಲಿನ ಕೆಲಸ ಅತ್ತೆಯವರಿಗೆ ಒಪ್ಪಿಸಿ, ಅವರಿಗೂ ಇವನ ಮೇಲೆ ಭಯ ಹೋಗುತ್ತದೆ. ಒಂದು ರೊಟ್ಟಿಯನ್ನು ಚೂರು ಮಾಡಿ ಹಳೆ ಕೌದಿಯ ಮಡಿಕೆಗಳಲ್ಲಿ ಬಚ್ಚಿಟ್ಟು ಹುಡುಕಲು ಬಿಡಲಿ. ಹತ್ತು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಮರಿ ತಾನಾಗಿ ಮಲಗುತ್ತದೆ. ಮೈಮೇಲೆ ಹಾರಿದರೆ ಕೂಗದೆ, ತಳ್ಳದೆ, ಕೈಕಟ್ಟಿ ಗೋಡೆಯ ಕಡೆ ತಿರುಗಿ ನಿಲ್ಲಲಿ. ತಳ್ಳುವುದು ಅವನಿಗೆ ಆಟದ ಲೆಕ್ಕ. ನಾಲ್ಕೂ ಕಾಲು ನೆಲಕ್ಕೆ ಬಂದ ಕ್ಷಣ ‘ಶಾಣ್ಯಾ’ ಅಂತ ಒಂದು ಚೂರು ರೊಟ್ಟಿ. ಮನೆಯಲ್ಲಿ ಒಬ್ಬರು ‘ಕೂಡು’, ಮಗಳು ‘ಸಿಟ್’, ಯಜಮಾನರು ‘ಏ ಕುಂಡ್ರೋ’ ಅಂದರೆ ಅವನು ಯಾರ ಮಾತು ಕಲಿಯಬೇಕು? ಒಂದೇ ಶಬ್ದ ಗೊತ್ತು ಮಾಡಿಕೊಳ್ಳಿ.

ಯಜಮಾನರಿಗೆ ಒಂದು ಮಾತು. ಮನೆಯಲ್ಲಿ ಬೆಳೆದ ಮರಿಯನ್ನು ಹೊಲದಲ್ಲಿ ಬಿಟ್ಟರೆ ಸ್ವಾತಂತ್ರ್ಯ ಕೊಟ್ಟಂತಲ್ಲ. ಊರ ನಾಯಿಗಳು ಹರಿದು ಹಾಕುತ್ತವೆ, ಇಲ್ಲವೇ ಕುರಿ ಬೆನ್ನಟ್ಟಿ ಪೆಟ್ಟು ತಿನ್ನುತ್ತದೆ, ಇಲ್ಲವೇ ಉಪವಾಸ ಸಾಯುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಹಾಗೆ ಬಿಟ್ಟು ಹೋಗುವುದು ಅಪರಾಧ. ಅದೇ ಕಲಮಿನಲ್ಲಿ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದೂ ಅಪರಾಧ. ನಿಮ್ಮಿಂದ ನಿಜವಾಗಿಯೂ ಆಗದಿದ್ದರೆ ಜಾಗ ಇರುವ, ಈ ತಳಿ ಬಲ್ಲ ಮನೆಯೊಂದನ್ನು ಹುಡುಕಿ, ಕೈಯಾರೆ ಒಪ್ಪಿಸಿ. ಅದಕ್ಕೆ ಮೊದಲು ನಾನು ಹೇಳಿದ್ದನ್ನು ಎರಡು ತಿಂಗಳು ಬಿಡದೆ ಮಾಡಿ ನೋಡಿ, ಮತ್ತೆ ಬರೆಯಿರಿ. ಸೋಫಾದ ಸಂದಿಯಲ್ಲಿ ಅಕ್ಕಿಕಾಳಿನಂಥ ಬಿಳಿ ಹಲ್ಲು ಸಿಕ್ಕರೆ ಎತ್ತಿಟ್ಟುಕೊಳ್ಳಿ, ಮತ್ತೆ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ನಾಲ್ಕು ತಿಂಗಳ ಮರಿ ಆಟದಲ್ಲಿ ಮಗನ ಕೈ ಕಚ್ಚುತ್ತದೆ. ಸಣ್ಣ ಗೆರೆಯಂತೆ ರಕ್ತ ಬರುತ್ತದೆ. ಮರಿಗೆ ಚುಚ್ಚುಮದ್ದು ಆಗಿದೆ. ಮಗನಿಗೂ ಬೇಕೇ?
– ಗೃಹಿಣಿ, ದಾವಣಗೆರೆ

ಉತ್ತರ: ರಕ್ತ ಬಂದಿದೆ ಎಂದರೆ ಆಸ್ಪತ್ರೆಗೆ ಹೋಗಲೇಬೇಕು. ಅದಕ್ಕೂ ಮೊದಲು ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಹಚ್ಚಬೇಡಿ. ಮರಿಗೆ ಲಸಿಕೆ ಆಗಿದೆ ಎಂದು ನೀವೇ ತೀರ್ಮಾನ ಮಾಡಿ ಸುಮ್ಮನಾಗಬೇಡಿ. ವೈದ್ಯರು ಮಗನಿಗೆ ಚಿಕಿತ್ಸೆ ಶುರುಮಾಡಿ, ನಾಯಿಯ ಮೇಲೆ ಹತ್ತು ದಿನ ಕಣ್ಣಿಡಲು ಹೇಳುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಔಷಧಿ ಇಲ್ಲ. ಮರಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೆ ಇನ್ನೊಂದು, ಆಮೇಲೆ ವರ್ಷ ವರ್ಷ. ಆಟದಲ್ಲಿ ಹಲ್ಲು ತಾಕಿದ ಕೂಡಲೇ ಆಟ ನಿಲ್ಲಿಸಿ ಎದ್ದು ಹೋಗಲು ಮಗನಿಗೆ ಕಲಿಸಿ.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ನಮ್ಮ ನಾಯಿ ಟಾಮಿ ಬಾಕ್ಸ್ ಹರಿದು ಒಣದ್ರಾಕ್ಷಿ ತಿನ್ನುತ್ತದೆ. ಏನಾದರೂ ತೊಂದರೆ ಇದೆಯೇ?
– ರೈತರು, ವಿಜಯಪುರ ಜಿಲ್ಲೆ

ಉತ್ತರ: ಇದೆ ಅಣ್ಣಾವರೇ, ದೊಡ್ಡ ತೊಂದರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ಎಷ್ಟು ತಿಂದರೆ ಅಪಾಯ ಎಂಬ ಲೆಕ್ಕ ಎಲ್ಲ ನಾಯಿಗೂ ಒಂದೇ ಅಲ್ಲ. ನಿನ್ನೆ ಏನೂ ಆಗಲಿಲ್ಲ ಎಂದು ಇವತ್ತು ಸುಮ್ಮನಿರಬೇಡಿ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಎಂದು ಈಚೆಗೆ ಪಶುವೈದ್ಯರು ಅಭಿಪ್ರಾಯಪಟ್ಟಿದ್ದಾರೆ. ಹುಣಸೆಹಣ್ಣಿನಲ್ಲೂ ಅದೇ ಆಮ್ಲ ಇದೆ, ಅಂಗಳದಲ್ಲಿ ಹುಣಸೆ ಒಣಹಾಕುವಾಗಲೂ ಜೋಪಾನ. ತಿಂದದ್ದು ಕಂಡರೆ ವಾಂತಿಗೆ ಕಾಯದೆ ಒಂದೆರಡು ತಾಸಿನೊಳಗೆ ಪಶುವೈದ್ಯರ ಹತ್ತಿರ ಒಯ್ಯಿರಿ. ವಾಂತಿ ಮಾಡಿಸಲು ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಅದು ಬೇರೆಯದೇ ವಿಷವಾಗುತ್ತದೆ. ಸುಗ್ಗಿ ಮುಗಿಯುವವರೆಗೆ ಶೆಡ್ಡಿನ ಬಾಗಿಲಿಗೆ ಮೊಣಕಾಲೆತ್ತರ ಅಲ್ಲ, ಎದೆಮಟ್ಟದ ಜಾಲರಿ ಹಾಕಿಸಿ.